ಬರವಣಿಗೆಯ ಪುಟದಲ್ಲೇ ಲೆಕ್ಕ

ವರ್ಡ್ ಪ್ರೊಸೆಸರ್ ಎಂದರೆ ಪತ್ರ, ಪ್ರಬಂಧ, ವರದಿಗಳನ್ನು ಬರೆಯುವ ಸಾಧನ ಎಂದಷ್ಟೇ ನಮ್ಮಲ್ಲಿ ಹಲವರ ತಿಳಿವಳಿಕೆ. ವರದಿಯ ನಡುವೆ ಖರ್ಚಿನ ಪಟ್ಟಿ ಬಂದೊಡನೆ ಕ್ಯಾಲ್ಕ್ಯುಲೇಟರ್ ಹುಡುಕುತ್ತೇವೆ. ಬಂದ ಮೊತ್ತವನ್ನು ಕೈಯಾರೆ ಟೈಪ್ ಮಾಡುತ್ತೇವೆ. ಆದರೆ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಕೆಲಸವನ್ನು ಈ ಸಾಧನವೂ ಬಲ್ಲದು. ತೆರೆಯ ಮೇಲೆ ತೋರಿಸಿದ್ದು ಬೇಗ ಸರಿದುಹೋಗುತ್ತದೆ. ಇಲ್ಲಿ ನಿಧಾನವಾಗಿ ನೋಡೋಣ.

ನಿಮ್ಮ ತರಗತಿಯ 25 ಮಂದಿ ಪ್ರವಾಸ ಹೋಗಿ ಬಂದಿರಿ ಎನ್ನಿ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಎರಡು ಕಂಬಸಾಲುಗಳ ಕೋಷ್ಟಕ ಮಾಡಿ. ಮೊದಲ ಸಾಲು ಶೀರ್ಷಿಕೆಗೆ. ಅನಂತರ ಬಸ್ ಬಾಡಿಗೆ 4,800, ಊಟ 2,150, ಪ್ರವೇಶ ಶುಲ್ಕ 600. ಕೆಳಗಿನ ಖಾಲಿ ಮನೆಯಲ್ಲಿ ಕರ್ಸರ್ ಇಟ್ಟು, ಕೋಷ್ಟಕದ ಲೇಔಟ್ ವಿಭಾಗದಲ್ಲಿರುವ ಫಾರ್ಮುಲಾ ಗುಂಡಿಯನ್ನು ಒತ್ತಿ. ‘=ಸಮ್(ಅಬೋವ್)’ ಎಂಬ ಸೂತ್ರ ಸಾಮಾನ್ಯವಾಗಿ ತಾನೇ ಮೂಡುತ್ತದೆ. ‘ಮೇಲಿನದನ್ನೆಲ್ಲ ಕೂಡು’ ಎಂಬುದು ಇದರ ಅರ್ಥ. ಒಪ್ಪಿಗೆ ಕೊಟ್ಟರೆ 7,550 ಸಿದ್ಧ. ನಿಮ್ಮ ವರದಿ ಕನ್ನಡದಲ್ಲೇ ಇರಲಿ. ಸೂತ್ರ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿರಬೇಕು.

ಪ್ರತಿಯೊಂದು ಮನೆಗೂ ಒಂದು ವಿಳಾಸವಿದೆ. ಕಂಬಸಾಲುಗಳಿಗೆ ಎ, ಬಿ ಎಂಬ ಅಕ್ಷರ. ಅಡ್ಡಸಾಲುಗಳಿಗೆ 1, 2 ಎಂಬ ಸಂಖ್ಯೆ. ನಮ್ಮ ಮೊತ್ತ ಕುಳಿತಿರುವುದು ಬಿ5ರಲ್ಲಿ. ಅದರ ಕೆಳಗಿನ ಮನೆಯಲ್ಲಿ ‘=ಬಿ5/25’ ಎಂಬ ಸೂತ್ರ ಕೊಟ್ಟರೆ ತಲಾ ವಂತಿಗೆ 302 ರೂಪಾಯಿ ಬರುತ್ತದೆ.

ಈಗ ಎಚ್ಚರಿಕೆಯ ಮಾತು. ಬಸ್ಸಿನವರ ರಸೀದಿ ನೋಡಿದಾಗ ಬಾಡಿಗೆ 5,300 ಎಂದು ಗೊತ್ತಾಯಿತು ಎನ್ನಿ. ಅಂಕಿಯನ್ನು ತಿದ್ದುತ್ತೀರಿ. ಮೊತ್ತ ಮಾತ್ರ 7,550 ಎಂದೇ ನಿಂತಿರುತ್ತದೆ! ಏಕೆಂದರೆ ವರ್ಡ್‌ನಲ್ಲಿ ಸೂತ್ರವೊಂದು ‘ಫೀಲ್ಡ್’. ಅಂಕಿ ಬದಲಾದ ಕೂಡಲೇ ಅದು ತಾನಾಗಿ ಮತ್ತೆ ಲೆಕ್ಕ ಹಾಕುವುದಿಲ್ಲ. ಕೋಷ್ಟಕವನ್ನು ಪೂರ್ತಿ ಆಯ್ದು ಎಫ್9 ಕೀಲಿ ಒತ್ತಬೇಕು. ಆಗ ಮೊತ್ತ 8,050, ವಂತಿಗೆ 322 ಆಗುತ್ತದೆ. ಒತ್ತಲು ಮರೆತು 302ರಂತೆ ಹಣ ಎತ್ತಿದರೆ 500 ರೂಪಾಯಿ ಕೊರತೆ. ಅದನ್ನು ತುಂಬಿಕೊಡಬೇಕಾದವನು ಲೆಕ್ಕ ಬರೆದ ಗೆಳೆಯನೇ!

ಇನ್ನೆರಡು ತೊಡಕುಗಳುಂಟು. ಕಂಬಸಾಲಿನ ನಡುವೆ ಖಾಲಿ ಮನೆಯಿದ್ದರೆ ಕೂಡಿಕೆ ಅಲ್ಲಿಗೇ ನಿಲ್ಲಬಹುದು. ಅಲ್ಲಿ 0 ತುಂಬಿ. ಶೀರ್ಷಿಕೆಯಲ್ಲಿ ‘2024’ ಎಂದು ಇಸವಿ ಬರೆದಿದ್ದರೆ ಅದೂ ಕೂಡಿಕೊಂಡು 8,050 ಇದ್ದದ್ದು 10,074 ಆದೀತು. ಶೀರ್ಷಿಕೆಗೆ ‘ಖರ್ಚು’ ಎಂಬ ಪದವೇ ಸಾಕು.

ಕೋಷ್ಟಕವಿಲ್ಲದೆಯೂ ಲೆಕ್ಕ ಸಾಧ್ಯ. ಕಂಟ್ರೋಲ್ ಮತ್ತು ಎಫ್9 ಒಟ್ಟಿಗೆ ಒತ್ತಿದರೆ ಪುಟದಲ್ಲಿ ಪುಷ್ಪಾವರಣ ಮೂಡುತ್ತದೆ. ಒಳಗೆ ‘=4800+2150’ ಎಂದು ಬರೆದು ಎಫ್9 ಒತ್ತಿದರೆ 6950 ಕಾಣುತ್ತದೆ. ಈ ಆವರಣವನ್ನು ಕೀಲಿಮಣೆಯಿಂದ ನೇರವಾಗಿ ಟೈಪ್ ಮಾಡಿದರೆ ಕೆಲಸ ಸಾಗದು. ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ರೈಟರ್‌ನಲ್ಲಿ ಎಫ್2 ಒತ್ತಿದರೆ ಸೂತ್ರದ ಪಟ್ಟಿ ತೆರೆಯುತ್ತದೆ.

ಹಾಗಾದರೆ ಸ್ಪ್ರೆಡ್‌ಶೀಟ್ ಏಕೆ ಬೇಕು? 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅವರ ವಿಸಿಕ್ಯಾಲ್ಕ್ ಹೊರಬಂದಾಗ ಜನ ಬೆರಗಾದದ್ದು, ಒಂದು ಅಂಕಿ ತಿದ್ದಿದರೆ ಅದನ್ನು ನೆಚ್ಚಿದ ಉಳಿದವೆಲ್ಲ ತಾವೇ ಬದಲಾಗುತ್ತಿದ್ದುದಕ್ಕೆ. ನೂರಾರು ಸಾಲುಗಳ ಲೆಕ್ಕಕ್ಕೆ ಅದೇ ತಕ್ಕದ್ದು. ಐದಾರು ಸಾಲಿನ ಪಟ್ಟಿಗೆ ನಿಮ್ಮ ಬರವಣಿಗೆಯ ಪುಟವೇ ಸಾಕು.

ಮುದ್ರಿಸುವ ಮುನ್ನ ಎಫ್9 ಒತ್ತಿ. ಜೊತೆಗೆ ಬಾಯಿಲೆಕ್ಕವನ್ನೂ ಹಾಕಿ ನೋಡಿ: ಐದು ಸಾವಿರದ ಮುನ್ನೂರು, ಎರಡು ಸಾವಿರದ ನೂರೈವತ್ತು, ಆರುನೂರು, ಎಂಟು ಸಾವಿರದ ಆಸುಪಾಸು. ಯಂತ್ರ ಹತ್ತು ಸಾವಿರ ಎಂದರೆ ನಿಲ್ಲಿ, ಮೇಲಿನ ಸಾಲಿನಿಂದ ಮತ್ತೆ ಓದಿ.