ವೇರಿಯೋ ಹೇಳಿದ್ದು ಸುಳ್ಳೇ?

ರಾತ್ರಿ ಹನ್ನೊಂದಕ್ಕೆ ಅಕ್ಕ ಫೋನ್ ಮಾಡಿದಳು. "ನಿನ್ನ ಅಳಿಯನ ಕೋಣೆಯಲ್ಲಿ ಟೆಂಪೊ ರಿವರ್ಸ್ ತೆಗೀತಾ ಉಂಟು. ಪಕ್ಕದ ಮನೆಯವರು ಎರಡು ಸಲ ಬಾಗಿಲು ತಟ್ಟಿದ್ರು. ನಾಳೆ ಬಂದು ನೋಡು."

ಭಾಂಡುಪ್ ಪಶ್ಚಿಮದಲ್ಲಿ, ಎಲ್‌ಬಿಎಸ್ ಮಾರ್ಗದಿಂದ ಗುಡ್ಡದ ಕಡೆಗೆ ಏರುವ ಗಲ್ಲಿಯಲ್ಲಿ ಅವರ ಮನೆ. ಹುಡುಗ ಇಂಜಿನಿಯರಿಂಗ್ ಎರಡನೇ ವರ್ಷ. ಸಂಜೆಯಾದರೆ ಕಂಪ್ಯೂಟರಿನಲ್ಲಿ ಗ್ಲೈಡರ್ ಹಾರಿಸುತ್ತಾನೆ. ಗ್ಲೈಡರ್ ಅಂದರೆ ಇಂಜಿನ್ ಇಲ್ಲದ ವಿಮಾನ. ಮುಂಬೈ ಆಕಾಶದಲ್ಲಿ ಅದು ಕಾಣಸಿಗುವುದಿಲ್ಲ, ಇಲ್ಲಿ ಸಾಂತಾಕ್ರೂಜಿಗೆ ಇಳಿಯುವ ಜೆಟ್‌ಗಳದ್ದೇ ರಾಜ್ಯ. ನೋಡಬೇಕಾದರೆ ಘಾಟಿ ಹತ್ತಿ ಪುಣೆಯ ಹಡಪ್ಸರದ ಗ್ಲೈಡಿಂಗ್ ಸೆಂಟರಿಗೆ ಹೋಗಬೇಕು. ಅಲ್ಲಿ ನೆಲದ ಮೇಲಿನ ವಿಂಚು ಉದ್ದನೆಯ ಹಗ್ಗ ಸುತ್ತಿಕೊಳ್ಳುತ್ತಾ ಗ್ಲೈಡರನ್ನು ಗಾಳಿಪಟದಂತೆ ಮೇಲಕ್ಕೆಳೆಯುತ್ತದೆ. ನಮ್ಮ ದೇಶದಲ್ಲೇ ವಿನ್ಯಾಸಗೊಂಡ, ಇಬ್ಬರು ಅಕ್ಕಪಕ್ಕ ಕೂರುವ ಮರದ ಗ್ಲೈಡರ್ 'ರೋಹಿಣಿ' 1961ರಲ್ಲಿ ಮೊದಲು ಹಾರಿತು. ಹುಡುಗ ಅದರ ಫೋಟೊ ಗೋಡೆಗೆ ಅಂಟಿಸಿಕೊಂಡಿದ್ದಾನೆ.

ಅಕ್ಕನ ಟೆಂಪೊ ಎಂದರೆ ವೇರಿಯೋಮೀಟರಿನ ಸದ್ದು. ಪೈಲಟ್‌ಗಳ ಬಾಯಲ್ಲಿ ಅದು ಬರೀ ವೇರಿಯೋ. ವಿಮಾನ ಏರುತ್ತಿದೆಯೋ ಇಳಿಯುತ್ತಿದೆಯೋ, ಎಷ್ಟು ವೇಗದಲ್ಲಿ ಎಂದು ಹೇಳುವುದಷ್ಟೇ ಅದರ ಕೆಲಸ. ಏರುವಾಗ ಪೀಂ-ಪೀಂ ಎಂದು ಬಿಟ್ಟುಬಿಟ್ಟು ಕೂಗುತ್ತದೆ. ಏರಿಕೆ ಜೋರಾದಷ್ಟೂ ಸ್ವರ ಮೇಲಕ್ಕೆ ಹೋಗುತ್ತದೆ, ಲಯ ಚುರುಕಾಗುತ್ತದೆ. ಇಳಿಯುವಾಗ ತಗ್ಗಿನ ಸ್ವರದಲ್ಲಿ ಎಡೆಬಿಡದೆ ಗುಂಯ್‌ಗುಟ್ಟುತ್ತದೆ. ಏರಿಕೆಯೂ ಇಲ್ಲದ, ಹೇಳಿಕೊಳ್ಳುವಂಥ ಇಳಿಕೆಯೂ ಇಲ್ಲದ ನಡುವಿನ ಪಟ್ಟಿಯಲ್ಲಿ ಸುಮ್ಮನಿರುತ್ತದೆ.

ಇದಕ್ಕೊಂದು ಯಂತ್ರ ಬೇಕೇ ಎಂದು ಕೇಳುವವರು ಯಾವುದಾದರೂ ಟವರಿನ ಲಿಫ್ಟಿನಲ್ಲಿ ಕಣ್ಣು ಮುಚ್ಚಿ ನಿಲ್ಲಲಿ. ಹೊರಡುವಾಗಿನ ಎಳೆತ, ನಿಲ್ಲುವಾಗಿನ ತೇಲಾಟ ಗೊತ್ತಾಗುತ್ತದೆ. ನಡುವೆ ಮೇಲೆ ಹೋಗುತ್ತಿದ್ದೇವೋ ಕೆಳಗೋ ಎಂದು ಹೇಳಲಾಗುವುದಿಲ್ಲ. ನಮ್ಮ ಒಳಗಿವಿಗೆ ತಿಳಿಯುವುದು ವೇಗದ ಬದಲಾವಣೆ, ವೇಗವಲ್ಲ.

ಹಳೆಯ ವೇರಿಯೋದ ಹೊಟ್ಟೆ ಒಂದು ಥರ್ಮಾಸ್ ಫ್ಲಾಸ್ಕು. ಸುಮಾರು ಅರ್ಧ ಲೀಟರಿನದು, ಒಳಗೆ ಬರೀ ಗಾಳಿ. ಮೇಲೇರಿದಂತೆ ಹೊರಗಿನ ಒತ್ತಡ ಕಡಿಮೆಯಾಗಿ ಫ್ಲಾಸ್ಕಿನ ಗಾಳಿ ಸಣ್ಣ ನಳಿಕೆಯಿಂದ ಹೊರನುಗ್ಗುತ್ತದೆ. ಆ ಹರಿವೇ ಮುಳ್ಳನ್ನು ತಳ್ಳುತ್ತದೆ. ಥರ್ಮಾಸೇ ಯಾಕೆ? ಸಾದಾ ಬಾಟಲಿಗೆ ಬಿಸಿಲು ತಾಗಿದರೆ ಒಳಗಿನ ಗಾಳಿ ಹಿಗ್ಗಿ, ನಿಂತಲ್ಲೇ ಏರುತ್ತಿದ್ದೇವೆ ಎಂದು ಮುಳ್ಳು ಹೇಳಿಬಿಡುತ್ತದೆ. ಸಮುದ್ರಮಟ್ಟದ ಬಳಿ ಒಂದು ಮೀಟರ್ ಏರಿದರೆ ಇಳಿಯುವ ಒತ್ತಡ ಸುಮಾರು 12 ಪಾಸ್ಕಲ್, ಅಂದರೆ ಒಟ್ಟು ಒತ್ತಡದ ಎಂಟು ಸಾವಿರದಲ್ಲಿ ಒಂದು ಪಾಲು. ಅಷ್ಟನ್ನು ಹಿಡಿಯುವ ಉಪಕರಣಕ್ಕೆ ಬಿಸಿಲೂ ಶತ್ರುವೇ. ಅಲೆಕ್ಸಾಂಡರ್ ಲಿಪ್ಪಿಶ್ ಸೂಚಿಸಿದ ಇಂಥ ಉಪಕರಣವನ್ನು 1929ರಲ್ಲಿ ರಾಬರ್ಟ್ ಕ್ರೋನ್‌ಫೆಲ್ಡ್ ಗ್ಲೈಡರಿನಲ್ಲಿ ಬಳಸಿದ. ಮುಳ್ಳಿನ ಜಾಗಕ್ಕೆ ಸದ್ದು ಬಂದದ್ದು ಆಮೇಲೆ. ಪೈಲಟ್ಟಿನ ಕಣ್ಣು ಡಯಲಿಗೆ ಅಂಟಿಕೊಂಡರೆ, ಅದೇ ಏರುಗಾಳಿಯಲ್ಲಿ ಸುತ್ತುವ ಇನ್ನೊಂದು ಗ್ಲೈಡರನ್ನು ನೋಡುವವರು ಯಾರು?

ಮರುದಿನ ಹೋದಾಗ ಹುಡುಗ ತೋರಿಸಿದ. ಸದ್ದು ನಿಜಕ್ಕೂ ತಾಳ ತಪ್ಪಿತ್ತು. ಪೀಂ, ಮೌನ, ಪೀಂ, ಗುಂಯ್, ಮತ್ತೆ ಎರಡು ಪೀಂ ಒಂದರ ಮೇಲೊಂದು ಬಿದ್ದಂತೆ.

"ಸೌಂಡ್ ಕಾರ್ಡ್ ಹೋಗಿದೆ ಅಂತ ಕಾಣ್ತದೆ ಮಾವ."

"ಗಾಳಿ ಬಂದ್ ಮಾಡು," ಅಂದೆ. ನಿಜವಾದ ಪೈಲಟ್ಟಿಗಿಲ್ಲದ ಸೌಕರ್ಯ ಸಿಮ್ಯುಲೇಟರಿನಲ್ಲಿದೆ, ಆಕಾಶವನ್ನೇ ಆರಿಸಿಬಿಡಬಹುದು. ಏರುಗಾಳಿ ಸೊನ್ನೆ, ಬೀಸುಗಾಳಿ ಸೊನ್ನೆ. ಅಲುಗದ ಗಾಳಿಯಲ್ಲಿ ಒಳ್ಳೆಯ ಗ್ಲೈಡರ್ ಸೆಕೆಂಡಿಗೆ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚಾಗಿ ಇಳಿಯುತ್ತಿರುತ್ತದೆ. ಆಗ ವೇರಿಯೋ ತಂಬೂರಿಯಂತೆ ಒಂದೇ ಸ್ವರ ಹಿಡಿಯಬೇಕು. ಅದು ಆಗಲೂ ತೊದಲಿದರೆ ತಪ್ಪು ಗಾಳಿಯದಲ್ಲ.

ತೊದಲಿತು. ಕಿವಿಗೊಟ್ಟು ಕೇಳಿದರೆ ಸದ್ದು ಬರುತ್ತಿದ್ದದ್ದು ಎರಡು ಕಡೆಯಿಂದ. ಕಂಪ್ಯೂಟರಿನ ಸ್ಪೀಕರು ಒಂದು, ಮೇಜಿನ ಮೇಲೆ ಸ್ಟ್ಯಾಂಡಿಗೆ ಸಿಕ್ಕಿಸಿದ್ದ ಫೋನು ಇನ್ನೊಂದು. ನಿಜವಾದ ಪೈಲಟ್‌ಗಳು ಇಟ್ಟುಕೊಳ್ಳುವಂಥ ಫ್ಲೈಟ್ ಕಂಪ್ಯೂಟರ್ ಆಪ್ ಫೋನಿನಲ್ಲಿತ್ತು. ಸಿಮ್ಯುಲೇಟರ್ ಸೆಕೆಂಡಿಗೊಮ್ಮೆ ಕಳಿಸುವ ಎತ್ತರವನ್ನು ಕಳೆದು-ಕೂಡಿ ಅದು ತನ್ನದೇ ವೇರಿಯೋ ಬಾರಿಸುತ್ತಿತ್ತು.

ಲೆಕ್ಕದ ಎಡವಟ್ಟು ಅಲ್ಲಿತ್ತು. ನಮಗೆ ಸಿಗುತ್ತಿದ್ದ ಎತ್ತರ ಪೂರ್ಣ ಮೀಟರುಗಳಲ್ಲಿ. ಗ್ಲೈಡರ್ ಸೆಕೆಂಡಿಗೆ 0.4 ಮೀಟರಿನಂತೆ ಒಂದೇ ಸಮ ಏರುತ್ತಿದೆ ಎಂದುಕೊಳ್ಳಿ. ಪ್ರತಿ ಸೆಕೆಂಡಿನ ವ್ಯತ್ಯಾಸ 0, 0, 1, 0, 1 ಎಂದು ಬರುತ್ತದೆ. ಸರಾಸರಿ ಸರಿಯೇ. ಕಿವಿಗೆ ಮಾತ್ರ ಮೌನ, ಮೌನ, ಪೀಂ, ಮೌನ, ಪೀಂ. ಕಿರಾಣಿ ಅಂಗಡಿಯಲ್ಲಿ ಚಿಲ್ಲರೆ ಇಲ್ಲವೆಂದು ಒಮ್ಮೆ ಬಿಟ್ಟು ಒಮ್ಮೆ ಚಾಕೊಲೇಟ್ ಕೊಟ್ಟಂತೆ.

ಅದಕ್ಕಿಂತ ದೊಡ್ಡ ದೋಷ ಇನ್ನೊಂದು. ಗಂಟೆಗೆ 144 ಕಿ.ಮೀ. ವೇಗದಲ್ಲಿರುವ ಗ್ಲೈಡರಿನ ಕೋಲನ್ನು ಹಿಂದಕ್ಕೆಳೆದು ವೇಗವನ್ನು 90ಕ್ಕೆ ಇಳಿಸಿದರೆ, ಆ ವೇಗವೆಲ್ಲ ಎತ್ತರವಾಗಿ ಸುಮಾರು 50 ಮೀಟರ್ ಮೇಲೇರುತ್ತದೆ. ಗಾಳಿ ಒಂದು ಗುಲಗಂಜಿಯಷ್ಟೂ ಎತ್ತಿರುವುದಿಲ್ಲ. ಜೋಕಾಲಿ ತುದಿಗೆ ಹೋದಂತೆ, ಅಷ್ಟೆ. ಬರೀ ಎತ್ತರ ನೋಡುವ ವೇರಿಯೋ ಇದಕ್ಕೂ ಹಿಗ್ಗಿ ಕೂಗುತ್ತದೆ. ಪೈಲಟ್‌ಗಳು ಇದನ್ನು ಗೇಲಿಯಿಂದ ಸ್ಟಿಕ್ ಥರ್ಮಲ್ ಎನ್ನುತ್ತಾರೆ: ಕೋಲಿನಿಂದ ಹುಟ್ಟಿದ ಏರುಗಾಳಿ. ಎತ್ತರ ಮತ್ತು ವೇಗ ಎರಡರ ಶಕ್ತಿಯನ್ನೂ ಒಟ್ಟು ಹಾಕಿ ನೋಡುವ ವೇರಿಯೋದ ಯೋಚನೆ 1940ರ ಆಸುಪಾಸಿನಲ್ಲಿ ಆರ್ಥರ್ ಕ್ಯಾಂಟ್ರೋವಿಟ್ಸ್‌ನಿಂದ ಬಂತು. ನಮ್ಮ ಸಿಮ್ಯುಲೇಟರಿನ ವೇರಿಯೋ ಆ ಜಾತಿಯದು, ಫೋನಿನದು ಅಲ್ಲ. ಕೋಲು ಎಳೆದಾಗೆಲ್ಲ ಒಂದು ಸುಮ್ಮನಿದ್ದರೆ ಇನ್ನೊಂದು ಕುಣಿಯುತ್ತಿತ್ತು. ಫೋನಿನ ಬಾಯಿ ಮುಚ್ಚಿಸಿದೆವು.

ಅರ್ಧ ಗುಣವಾಯಿತು. ಉಳಿದದ್ದು ಸ್ವರದ ನಡುಕ. ಹುಡುಗ ಕೋಲಿನಿಂದ ಕೈ ತೆಗೆದ, ನಡುಕ ನಿಲ್ಲಲಿಲ್ಲ. ಜಾಯ್‌ಸ್ಟಿಕ್ ಲ್ಯಾಮಿಂಗ್ಟನ್ ರೋಡಿನಲ್ಲಿ ಚೌಕಾಸಿ ಮಾಡಿ ತಂದ ಸೆಕೆಂಡ್‌ಹ್ಯಾಂಡ್ ಮಾಲು. ಕ್ಯಾಲಿಬ್ರೇಷನ್ ಕಿಟಕಿ ತೆರೆದರೆ, ಯಾರೂ ಮುಟ್ಟದ ಕೋಲಿನ ಗುರುತು ನೀರಿನ ಮೇಲಿನ ಇರುವೆಯಂತೆ ಒದ್ದಾಡುತ್ತಿತ್ತು. ಒಳಗಿನ ಪೊಟೆನ್ಶಿಯೋಮೀಟರಿನಲ್ಲಿ ಕಾರ್ಬನ್ ಪಟ್ಟಿಯ ಮೇಲೆ ಲೋಹದ ನಾಲಗೆಯೊಂದು ಜಾರುತ್ತಿರುತ್ತದೆ. ಪಟ್ಟಿ ಸವೆದರೆ, ಮೇಲೆ ಧೂಳು-ತೇವ ಕೂತರೆ ಸಂಪರ್ಕ ಬಿಟ್ಟುಬಿಟ್ಟು ಬರುತ್ತದೆ. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತಲ್ಲ, ಅದೇ ಕಾಯಿಲೆ. ಇಲ್ಲಿ ಕರಕರ ಕೇಳಿಸದು, ವಿಮಾನದ ಮೂಗು ಅಲುಗುತ್ತದೆ. ಶಕ್ತಿಯ ಲೆಕ್ಕ ಇಡುವ ವೇರಿಯೋ ಕೂಡ ಆ ಅಲುಗಾಟವನ್ನು ಪೂರ್ತಿ ಮುಚ್ಚಿಹಾಕಲಾರದು. ಅಂದರೆ ವೇರಿಯೋ ಸುಳ್ಳಾಡಿರಲಿಲ್ಲ, ವಿಮಾನ ನಿಜಕ್ಕೂ ನಡುಗುತ್ತಿತ್ತು. ಕೋಲಿನ ನಡುವಿನ ಸಣ್ಣ ಭಾಗವನ್ನು ಲೆಕ್ಕಕ್ಕೆ ಹಿಡಿಯದಂತೆ ಡೆಡ್ ಝೋನ್ ಇಟ್ಟು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆವು.

ಮೂರನೆಯದು ನನ್ನನ್ನು ಎರಡು ಭಾನುವಾರ ತಿಂದಿತು. ಪಕ್ಕದ ಮನೆಯವರ ಕಾಟಕ್ಕೆ ಹುಡುಗ ಬ್ಲೂಟೂತ್ ಹೆಡ್‌ಫೋನಿಗೆ ಬದಲಾಗಿದ್ದ. ಈಗ ದೂರು ಬೇರೆ: ಜೋರು ಏರುಗಾಳಿ ಸರಿಯಾಗಿ ಕೇಳುತ್ತದೆ, ಮೆಲ್ಲನೆಯದರ ಮೊದಲ ಪೀಂಗಳು ಬರುವುದೇ ಇಲ್ಲ. ನಾನು ಮೊದಲು ಹಿಡಿದದ್ದು ವೈರ್‌ಲೆಸ್ ವಿಳಂಬವನ್ನು. ಕಾಗದದ ಮೇಲೆ ಲೆಕ್ಕ ಹಾಕಿದೆ. ಗಂಟೆಗೆ 90 ಕಿ.ಮೀ. ವೇಗ, 40 ಡಿಗ್ರಿ ವಾಲಿಕೆ ಎಂದರೆ ಗ್ಲೈಡರ್ 76 ಮೀಟರ್ ತ್ರಿಜ್ಯದ ಸುತ್ತನ್ನು ಸುಮಾರು 19 ಸೆಕೆಂಡಿನಲ್ಲಿ ಮುಗಿಸುತ್ತದೆ. ವೇರಿಯೋವೇ ಎರಡು ಸೆಕೆಂಡ್ ತಡವಾಗಿ ಹೇಳಿದರೆ, ಒಳ್ಳೆಯ ಗಾಳಿ ಸಿಕ್ಕಿದ ಜಾಗ 50 ಮೀಟರ್ ಹಿಂದೆ ಉಳಿದಿರುತ್ತದೆ. ಪೈಲಟ್‌ಗಳು ಇದನ್ನು ಅಭ್ಯಾಸದಿಂದ ಸರಿದೂಗಿಸುತ್ತಾರೆ. ಬ್ಲೂಟೂತ್ ಸೇರಿಸುವ ಸೆಕೆಂಡಿನ ಐದನೇ ಒಂದು ಭಾಗಕ್ಕೆ ಐದೇ ಮೀಟರ್. ಅದನ್ನು ಖುಲಾಸೆ ಮಾಡಿದೆ.

ತಲೆ ಕೆಟ್ಟು ಟೆರೇಸಿಗೆ ಹೋದೆ. ಬೆಳಗಿನ ಬಿಸಿಲಿಗೆ ಕಾದ ತಗಡಿನ ಛಾವಣಿಗಳ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಿದ್ದವು. ಪಶ್ಚಿಮಕ್ಕೆ ನ್ಯಾಷನಲ್ ಪಾರ್ಕಿನ ಕಾಡು, ಪೂರ್ವಕ್ಕೆ ಠಾಣೆ ಖಾರಿ. ಆ ಹೊತ್ತಿಗೆ ಗಾಳಿ ಬಿದ್ದಿತ್ತು. ಆದರೂ ಗಲ್ಲಿಯ ಗದ್ದಲದ್ದೊಂದು ಗುಂಯ್ ಕಿವಿಯಲ್ಲಿ ಇದ್ದೇ ಇತ್ತು, ಈ ಊರಿನಲ್ಲಿ ಪೂರ್ತಿ ಮೌನ ಎಲ್ಲಿಂದ ಬರಬೇಕು? ಆಗ ಹೊಳೆಯಿತು. ಕೆಳಗಿಳಿದು ಕೇಳಿದೆ, "ಕಾಕ್‌ಪಿಟ್ಟಿನ ಗಾಳಿ ಸದ್ದು ಎಷ್ಟಿಟ್ಟಿದ್ದಿ?"

"ಸೊನ್ನೆ ಮಾವ. ವೇರಿಯೋ ಚೆನ್ನಾಗಿ ಕೇಳ್ಲಿ ಅಂತ."

ಇಂಥ ಹಲವು ಹೆಡ್‌ಫೋನುಗಳು ಕೆಲವು ಕ್ಷಣ ಸದ್ದಿಲ್ಲದಿದ್ದರೆ ಬ್ಯಾಟರಿ ಉಳಿಸಲು ಧ್ವನಿಯ ದಾರಿಯನ್ನು ಮುಚ್ಚಿಬಿಡುತ್ತವೆ. ಮತ್ತೆ ಸದ್ದು ಬಂದಾಗ ಎದ್ದು ಬಾಗಿಲು ತೆರೆಯುವಷ್ಟರಲ್ಲಿ ಒಂದು ಸಣ್ಣ ಪೀಂ ಮುಗಿದೇ ಹೋಗಿರುತ್ತದೆ. ವೇರಿಯೋ ಸುಮ್ಮನಿರುವ ಆ ನಡುವಿನ ಪಟ್ಟಿಯಲ್ಲಿ ಹಾರುವಾಗ ಹೆಡ್‌ಫೋನು ನಿದ್ದೆ ಹೋಗುತ್ತಿತ್ತು. ಏರುಗಾಳಿಯ ಅಂಚು ತಾಗಿದೆ ಎಂದು ಹೇಳುವ ಮೊದಲ ಪೀಂ ಅದರ ನಿದ್ದೆಗೆ ಬಲಿಯಾಗುತ್ತಿತ್ತು. ನಿಜವಾದ ಗ್ಲೈಡರಿನಲ್ಲಿ ಮೌನ ಎಂಬುದಿಲ್ಲ. ಗಾಳಿಯ ಸುಯ್ಯಿ ಸದಾ ಇರುತ್ತದೆ, ವೇಗ ಹೆಚ್ಚಿತೋ ಕಡಿಮೆಯಾಯಿತೋ ಎಂಬುದನ್ನು ಪೈಲಟ್‌ಗಳು ಅದರಿಂದಲೇ ಅಂದಾಜು ಮಾಡುತ್ತಾರೆ.

ಗಾಳಿಯ ಸದ್ದನ್ನು ಹತ್ತರಲ್ಲಿ ಎರಡಕ್ಕೆ ಏರಿಸಿದ. ಹೆಡ್‌ಫೋನು ಆಮೇಲೆ ಕಣ್ಣು ಮುಚ್ಚಲಿಲ್ಲ. ಜಾಯ್‌ಸ್ಟಿಕ್ ಮಾತ್ರ ಜೂನಿನ ಮಳೆ ಶುರುವಾದ ವಾರಕ್ಕೆ ಮತ್ತೆ ನಡುಗತೊಡಗಿತು. ಈ ಸಲ ಕ್ಲೀನರ್ ಸಾಲದು, ಪೊಟೆನ್ಶಿಯೋಮೀಟರ್ ಕಿತ್ತು ಹಾಲ್ ಸೆನ್ಸರ್ ಕೂರಿಸಬೇಕು. ಅದರಲ್ಲಿ ಉಜ್ಜಿಕೊಳ್ಳುವ ಭಾಗವೇ ಇಲ್ಲ, ಕೋಲಿಗೆ ಅಂಟಿಸಿದ ಆಯಸ್ಕಾಂತ ಎಷ್ಟು ತಿರುಗಿತು ಎಂದು ದೂರದಿಂದಲೇ ಅಳೆಯುತ್ತದೆ. ಶನಿವಾರ ಲ್ಯಾಮಿಂಗ್ಟನ್ ರೋಡಿಗೆ ಹೋಗುವುದೆಂದು ಮಾತಾಗಿದೆ.