ಕೋವಿಯಿಲ್ಲದ ಬೇಟೆ

ಭೀಮಸಮುದ್ರವೆಂದೊಡನೆ ಚಿತ್ರದುರ್ಗದ ಸೀಮೆಯವರಿಗೆ ನೆನಪಾಗುವುದು ಅಡಿಕೆಯ ವ್ಯಾಪಾರ. ಆದರೆ ಮಂಡಿಗಳ ಗದ್ದಲವನ್ನು ಹಿಂದಿಕ್ಕಿ ಕೆರೆಯತ್ತ ನಡೆದವನಿಗೆ, ಅದರಲ್ಲಿಯೂ ಮಾರ್ಗಶಿರ ಪುಷ್ಯಮಾಸಗಳ ಚಳಿಯ ಮುಂಜಾವಿನಲ್ಲಿ ನಡೆದವನಿಗೆ, ಈ ಊರಿನ ಐಶ್ವರ್ಯವು ಅಡಿಕೆಯೊಂದರಿಂದಲೇ ಅಳೆಯತಕ್ಕುದಲ್ಲವೆಂಬುದು ಮನವರಿಕೆಯಾಗುತ್ತದೆ. ಹಕ್ಕಿಗಳ ಬೆನ್ನುಹತ್ತುವ ಹವ್ಯಾಸವನ್ನು ಹೊಸತಾಗಿ ಕೈಗೊಳ್ಳಬಯಸುವವರಿಗೆ ಬಯಲುಸೀಮೆಯ ಇಂಥ ಕೆರೆಗಿಂತ ಯೋಗ್ಯವಾದ ಪಾಠಶಾಲೆಯಿಲ್ಲ.

ಬೆನ್ನುಹತ್ತುವುದೆಂದರೆ ಹಿಂದಿನವರ ಪಾಲಿಗೆ ಬೇಟೆಯೇ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು, ಪಳಗಿಸಿದ ಡೇಗೆಯನ್ನು ಹಾರಿಸಿ ಹಕ್ಕಿ ಹಿಡಿಯಿಸುವ ಶ್ಯೇನವಿನೋದವನ್ನು ಅರಸನಿಗೆ ಉಚಿತವಾದ ವಿನೋದಗಳಲ್ಲೊಂದಾಗಿ ಪರಿಗಣಿಸಿದೆ. ತೋಟಾಕೋವಿ ಬಂದಮೇಲೆ ಬಾತು, ಗೌಜಲ, ಉಲ್ಲಂಕಿಗಳ ಬೇಟೆ ಅರಮನೆಯಿಂದ ಅಧಿಕಾರಿಗಳ ಡೇರೆಗೂ ಇಳಿಯಿತು. ಪಕ್ಷಿಶಾಸ್ತ್ರವಾದರೂ ಕೋವಿಯ ಹಂಗಿಲ್ಲದೆ ಬೆಳೆಯಲಿಲ್ಲ: ಬಾಲ್ಯದಲ್ಲಿ ತಾನು ಹೊಡೆದುರುಳಿಸಿದ, ಕೊರಳಲ್ಲಿ ಹಳದಿಯಿದ್ದ ಗುಬ್ಬಿಯೊಂದರ ಹೆಸರನ್ನರಸಿ 1908ರಲ್ಲಿ ಮುಂಬಯಿಯ ನಿಸರ್ಗೇತಿಹಾಸ ಸಂಘದ ಬಾಗಿಲಿಗೆ ಹೋದ ಸಲೀಂ ಅಲಿಯವರೇ, 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿದರು; ಅವರ ಪ್ರೇರಣೆಯಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಗೆ ಕಡಿವಾಣ ಹಾಕಿದರೂ ಪರವಾನಗಿಯ ಕಿಂಡಿಯೊಂದನ್ನು ಉಳಿಸಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಕಾಯಿದೆ ನ್ಯಾಯವಾದುದೇ. ಆದರೆ ಅದರ ಭಾರವೆಲ್ಲ ಕೋವಿ ಹಿಡಿದ ಸಿರಿವಂತರಿಗಿಂತ ಬಲೆ ಹೊತ್ತ ಬಡವರ ಮೇಲೆ ಬಿದ್ದಿತೆಂದು ಹೇಳದಿರಲಾರೆ. ಹೆಸರಿನಲ್ಲಿಯೇ ಕಸುಬನ್ನು ಹೊತ್ತ ಹಕ್ಕಿಪಿಕ್ಕಿ ಜನರು, ‘ವಾಗ್ರಿ’ ಎಂಬ ಮನೆಮಾತಿನವರು, ಬಲೆ, ಉರುಲು ಮತ್ತು ಕೂಗಿನ ಅನುಕರಣೆ ಇವುಗಳಿಂದ ಗೌಜಲವನ್ನು ಕರೆಸಿಕೊಳ್ಳಬಲ್ಲವರಾಗಿದ್ದರು. ಯಾವ ಹಕ್ಕಿ ಯಾವ ಹೊತ್ತಿನಲ್ಲಿ ಯಾವ ಬದುವಿನ ಮರೆಯಿಂದ ಹೊರಬರುವುದೆಂಬ ಅವರ ಅರಿವು ಯಾವ ಗ್ರಂಥಕ್ಕೂ ಸೇರಲಿಲ್ಲ. ಹುಣಸೂರಿನ ಬಳಿಯ ಪಕ್ಷಿರಾಜಪುರದಂಥ ಕಡೆಗಳಲ್ಲಿ ನೆಲೆನಿಂತ ಅವರಲ್ಲಿ ಹಲವರು ಇಂದು ಕೇಶತೈಲವನ್ನು ಮಾರುತ್ತ ಆಫ್ರಿಕದವರೆಗೂ ಸಂಚರಿಸುತ್ತಾರೆ. ಆ ವಿದ್ಯೆಯನ್ನು ಹಕ್ಕಿ ತೋರಿಸುವ ಕಾರ್ಯಕ್ಕೆ ವಿನಿಯೋಗಿಸಿದ್ದರೆ ನಮಗೆ ಎಂಥ ಮಾರ್ಗದರ್ಶಕರು ದೊರೆಯುತ್ತಿದ್ದರು!

ಏಕೆಂದರೆ ಇಂದಿನ ಪಕ್ಷಿವೀಕ್ಷಣೆಯು ಬೇಟೆಯ ವಿದ್ಯೆಯೇ, ಕೊನೆಯ ಕ್ರಿಯೆಯೊಂದನ್ನು ಬಿಟ್ಟು. ಸೂರ್ಯೋದಯಕ್ಕೆ ಮುನ್ನವೇ ಕೆರೆಯನ್ನು ಸೇರಬೇಕು. ಬಿಸಿಲನ್ನು ಬೆನ್ನಿಗೆ ಇಟ್ಟುಕೊಳ್ಳಬೇಕು, ಇಲ್ಲವಾದರೆ ಬಣ್ಣಗಳೆಲ್ಲ ಕಪ್ಪು ನೆರಳಾಗುತ್ತವೆ. ಮಣ್ಣುಬಣ್ಣದ ಬಟ್ಟೆಯನ್ನುಟ್ಟು, ಹಕ್ಕಿಯತ್ತ ನೇರವಾಗಿ ನಡೆಯದೆ, ಓರೆಯಾಗಿ, ಬೇರೇನೋ ಕೆಲಸಕ್ಕೆ ಹೊರಟವನಂತೆ ಸಾಗಬೇಕು. ಬಾತುಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇಳುತ್ತವೆಂಬ ಬೇಟೆಗಾರನ ಅನುಭವವು ದುರ್ಬೀನಿನವನಿಗೂ ಉಪಯುಕ್ತ. ಇಷ್ಟೆಲ್ಲ ಮಾಡಿದರೂ ಟಿಟ್ಟಿಭವೊಂದು ಕಂಡುಬಿಟ್ಟರೆ ಮುಗಿಯಿತು; ಅದು ಹಾಕುವ ಬೊಬ್ಬೆಗೆ ಇಡೀ ಕೆರೆ ಎಚ್ಚರಗೊಳ್ಳುತ್ತದೆ, ಹಿಂದಿನ ಬೇಟೆಗಾರರು ಅದನ್ನು ಶಪಿಸುತ್ತಿದ್ದುದು ಅಕಾರಣವಲ್ಲ.

ಸಲಕರಣೆ ಅಲ್ಪ. ಎಂಟು ಪಟ್ಟು ಹಿಗ್ಗಿಸಿ ತೋರುವ ದುರ್ಬೀನು ಸಾಕು. ಇಪ್ಪತ್ತು ಪಟ್ಟಿನದನ್ನು ಕೊಂಡವರು ಕೈನಡುಕದಲ್ಲಿ ಕುಣಿಯುವ ಹಕ್ಕಿಯನ್ನಷ್ಟೇ ಕಾಣುತ್ತಾರೆ. ಒಂದು ಟಿಪ್ಪಣಿಪುಸ್ತಕ, ಜೊತೆಗೆ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಇರಲಿ. ಮೊದಲ ದಿನವೇ ಉತ್ತರದಿಂದ ವಲಸೆ ಬರುವ ಸೂಜಿಬಾಲದ ಬಾತನ್ನೋ ಪಟ್ಟೆತಲೆಯ ಹೆಬ್ಬಾತನ್ನೋ ಹುಡುಕುವುದು ಬೇಡ. ಹೆಬ್ಬಾತನ್ನು ಕಾಣುವ ತವಕವಿದ್ದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಬಹುದು, 2024ರಲ್ಲಿ ಅದು ರಾಮ್ಸಾರ್ ತಾಣವೆನಿಸಿದೆ. ಮನೆಯ ಕೆರೆಯಲ್ಲಿ ನಾಮದ ಕೋಳಿ, ಗುಳುಮುಳುಕ, ಮೆಟ್ಟುಗಾಲು ಹಕ್ಕಿಗಳನ್ನು ಪುಸ್ತಕ ತೆರೆಯದೆ ಗುರುತಿಸುವಂತಾಗುವುದು ಮೊದಲಾಗಲಿ. ಹೆಸರು ತಿಳಿಯದ ಹಕ್ಕಿ ಕಂಡರೆ ಅದು ಗುಬ್ಬಿಯಷ್ಟೋ, ಮೈನಾದಷ್ಟೋ, ಕಾಗೆಯಷ್ಟೋ, ಕೊಕ್ಕು ಹೇಗಿದೆ, ಏನು ಮಾಡುತ್ತಿದೆ ಎಂಬುದನ್ನು ಅಲ್ಲಿಯೇ ಬರೆದಿಡಬೇಕು. ಮನೆಗೆ ಬಂದು ನೆನಪಿನಿಂದ ಬರೆದ ಹಕ್ಕಿಗೆ ಇಲ್ಲದ ಬಣ್ಣಗಳು ಬಂದುಬಿಡುತ್ತವೆ.

ಹೀಗೆ ಕೆಲವು ಕಾಲ ಪಳಗಿದವರು, ಏಷ್ಯಾದಾದ್ಯಂತ ಪ್ರತಿ ಜನವರಿಯಲ್ಲಿ ನಡೆಯುವ ನೀರಹಕ್ಕಿಗಳ ಗಣತಿಯಲ್ಲಿ ತಮ್ಮ ಕೆರೆಯ ಲೆಕ್ಕವನ್ನು ಒಪ್ಪಿಸಬಹುದು. ಕ್ಯಾಮೆರಾ ಹಿಡಿದವರಿಗೆ ಮಾತ್ರ ಒಂದು ಎಚ್ಚರಿಕೆ: ಒಳ್ಳೆಯ ಚಿತ್ರದ ಆಸೆಗೆ ಗೂಡಿನ ಕೊಂಬೆಯನ್ನು ಸರಿಸುವವರು ತಿಳಿದಿರಬೇಕಾದುದೇನೆಂದರೆ, ಕಾಡುಹಕ್ಕಿಯ ಗೂಡನ್ನೋ ಮೊಟ್ಟೆಯನ್ನೋ ಕದಲಿಸುವುದು ಕೂಡ 1972ರ ಕಾಯಿದೆಯ ವ್ಯಾಖ್ಯೆಯಂತೆ ಬೇಟೆಯೇ ಆಗಿದೆ.