ಕೊನೆಗಾಲದ ಆರೈಕೆ: ಯಾವುದಕ್ಕೆ ಬಿಲ್ ಆಗುತ್ತದೆ, ಯಾವುದಕ್ಕೆ ಆಗದು

ಮಳವಳ್ಳಿ ಕಡೆಯ ಹಳ್ಳಿಯಲ್ಲಿ ಬಾಯಿ ಕ್ಯಾನ್ಸರ್ ಕೈಮೀರಿದ ರೈತನೊಬ್ಬ ಇದ್ದಾನೆ ಎಂದುಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30, ಹೆಚ್ಚೆಂದರೆ ಒಂದೂವರೆ ಲಕ್ಷ. ದುಡ್ಡು ಕಡಿಮೆಯೇನಲ್ಲ. ಆದರೆ ಅದು ಸಿಗಬೇಕಾದರೆ ಅಡ್ಮಿಟ್ ಆಗಬೇಕು. ಕೇಂದ್ರದ ಆಯುಷ್ಮಾನ್ ನಿಯಮದಲ್ಲಿ ಡಿಸ್ಚಾರ್ಜ್ ಆದಮೇಲಿನ ಖರ್ಚಿಗೆ 15 ದಿನದ ಗಡುವು. ‘ಇನ್ನು ಮನೆಗೆ ಕರ್ಕೊಂಡೋಗಿ’ ಎಂದು ಡಾಕ್ಟರು ಹೇಳಿದ ಹದಿನಾರನೇ ದಿನಕ್ಕೆ 5 ಲಕ್ಷ ಕಾರ್ಡಿನಲ್ಲೇ ಉಳಿಯುತ್ತದೆ, ನೋವು ಮನೆಯಲ್ಲಿ.

ಆ ಮನೆಗೆ ಬೇಕಾದದ್ದಾದರೂ ಏನು? ನಾಲ್ಕು ಗಂಟೆಗೊಂದರಂತೆ ಮಾರ್ಫಿನ್ ಮಾತ್ರೆ. ಅದರಿಂದ ಮಲ ಕಟ್ಟುವುದರಿಂದ ಜೊತೆಗೊಂದು ಭೇದಿ ಔಷಧ. ಕೆನ್ನೆಯ ಹುಣ್ಣು ನಾರುತ್ತಿದ್ದರೆ ಮೆಟ್ರೊನಿಡಜೋಲ್ ಮಾತ್ರೆ ಪುಡಿಮಾಡಿ ಉದುರಿಸಿ ಬಟ್ಟೆ ಕಟ್ಟುವುದು. ವಾಸನೆ ಇಳಿದರೆ ಮೊಮ್ಮಕ್ಕಳು ಮತ್ತೆ ಹತ್ತಿರ ಬರುತ್ತಾರೆ. ಇದನ್ನೆಲ್ಲ ಹೇಳಿಕೊಡಲು ಒಬ್ಬ ನರ್ಸ್ ಬರಬೇಕು. ಮಾತ್ರೆಗೆ ಕೆಲವೇ ರೂಪಾಯಿ. ಅಷ್ಟು ಅಗ್ಗವಾದ್ದರಿಂದಲೇ ಮಾರುವವರಿಗೂ ಬರೆಯುವವರಿಗೂ ಅದರಲ್ಲಿ ಲಾಭವಿಲ್ಲ. ಜೊತೆಗೆ 1985ರ ಮಾದಕವಸ್ತು ಕಾಯ್ದೆಯ ಹೆದರಿಕೆ ಬೇರೆ. 2014ರ ತಿದ್ದುಪಡಿ ಲೈಸೆನ್ಸ್ ಗೋಜಲನ್ನು ಬಿಡಿಸಿತು, ಆದರೂ 2017ರ ಲ್ಯಾನ್ಸೆಟ್ ಆಯೋಗದ ಲೆಕ್ಕದಲ್ಲಿ ಭಾರತಕ್ಕೆ ದಕ್ಕುತ್ತಿದ್ದ ಇಂಥ ನೋವುನಿವಾರಕ ಅಗತ್ಯದ ಶೇ. 4 ಮಾತ್ರ.

ಸರ್ಕಾರದ ದುಡ್ಡು ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಬಡವರ ಚಿಕಿತ್ಸೆಗೆಂದು ರಾಜ್ಯ ತಂದಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಂದ ಉತ್ತರ ಕರ್ನಾಟಕದ ಊರುಗಳನ್ನು ಬಾರದ ಊರುಗಳ ಜೊತೆ ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಯೋಜನೆಗೆ ಸೇರಿದ್ದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಸಾವು, ಯೋಜನೆ ಇದ್ದಲ್ಲಿ ಶೇ. 0.32, ಇಲ್ಲದಲ್ಲಿ ಶೇ. 0.90. ಯಾವ ಕೆಲಸಕ್ಕೆ ದುಡ್ಡು ಕೊಟ್ಟರೋ ಆ ಕೆಲಸ ಆಯಿತು. ಟನ್ ಲೆಕ್ಕದಲ್ಲಿ ಕೂಲಿ ಕೊಟ್ಟು, ಕಬ್ಬಿನಲ್ಲಿ ತರಗು ಉಳಿಯಿತು ಎಂದು ಗೊಣಗಿದರೆ ತಪ್ಪು ಕಡಿದವರದಲ್ಲ.

ಈಗ ಜಿಲ್ಲೆಯ ಲೆಕ್ಕ. 2011ರ ಜನಗಣತಿಯಲ್ಲಿ ಮಂಡ್ಯದ ಜನಸಂಖ್ಯೆ 18,05,769. ಸಾವಿರಕ್ಕೆ ವರ್ಷಕ್ಕೆ ಆರೂವರೆ ಸಾವು ಎಂದು ಹಿಡಿದರೆ ಸುಮಾರು 11,700. ಅದರಲ್ಲಿ ಹತ್ತಕ್ಕೆ ನಾಲ್ವರಿಗೆ ಇಂಥ ಆರೈಕೆ ಬೇಕು ಎಂದುಕೊಳ್ಳೋಣ: 4,700 ಮಂದಿ. ಕೊನೆಯ ಮೂರು ತಿಂಗಳು, ತಿಂಗಳಿಗೆ ಎರಡು ಭೇಟಿಯಂತೆ 28,200 ಭೇಟಿ. ನರ್ಸ್, ಗಾಡಿ, ಮಾತ್ರೆ ಸೇರಿ ಭೇಟಿಗೆ 800 ರೂಪಾಯಿ ಇಟ್ಟರೂ ಒಟ್ಟು 2.26 ಕೋಟಿ. ತಲೆಗೆ ಹನ್ನೆರಡೂವರೆ ರೂಪಾಯಿ.

ಇನ್ನೊಂದು ಪಕ್ಕ ನೋಡಿ. ಆಯುಷ್ಮಾನ್‌ನ 2022ರ ರಾಷ್ಟ್ರೀಯ ದರಪಟ್ಟಿಯಲ್ಲಿ ಜನರಲ್ ವಾರ್ಡಿಗೆ ದಿನಕ್ಕೆ 2,100, ವೆಂಟಿಲೇಟರ್ ಸಹಿತ ಐಸಿಯುಗೆ 9,000. ನಮ್ಮ ರಾಜ್ಯದ ಪಟ್ಟಿ ಬೇರೆ, ಅಂದಾಜಿಗೆ ಇದು ಸಾಕು. ಆ 4,700ರಲ್ಲಿ ಹತ್ತಕ್ಕೊಬ್ಬರು ಕೊನೆಯ ಐದು ದಿನ ವೆಂಟಿಲೇಟರಿನಲ್ಲಿ ಕಳೆದರೆ 2.11 ಕೋಟಿ. ಹೆಚ್ಚೂಕಡಿಮೆ ಅದೇ ಮೊತ್ತ! 470 ಜನರ ಐದು ದಿನಕ್ಕೆ ಆಗುವ ಖರ್ಚಿನಲ್ಲಿ ಎಲ್ಲ 4,700 ಮನೆಗಳಿಗೂ ಮೂರು ತಿಂಗಳು ಹೋಗಿಬರಬಹುದು.

ದಿನಗೂಲಿಯಂತೆ ಕೊಟ್ಟರೆ ಸರಿಹೋಗುತ್ತದೆಯೇ? ಅಮೆರಿಕದ ಮೆಡಿಕೇರ್ ಹಾಗೆಯೇ ಕೊಡುತ್ತದೆ. 2024ರ ಹಣಕಾಸು ವರ್ಷದಲ್ಲಿ ಮನೆಯಾರೈಕೆಗೆ ಮೊದಲ 60 ದಿನ ದಿನಕ್ಕೆ 218.33 ಡಾಲರ್, ಆಮೇಲೆ 172.35. ಆ ದಿನ ನರ್ಸ್ ಹೋಗಲಿ ಬಿಡಲಿ, ದುಡ್ಡು ಬರುತ್ತದೆ. 2015ರ ಕೊನೆಯವರೆಗೆ ಈ ಎರಡು ಹಂತವೂ ಇರಲಿಲ್ಲ. ಹಾಗಾಗಿ ಹೆಚ್ಚು ದಿನ ಬದುಕುವ, ಕಡಿಮೆ ಕೆಲಸ ಕೊಡುವ ರೋಗಿಯೇ ಲಾಭದ ರೋಗಿ. 2011ರ ಅಧ್ಯಯನವೊಂದರ ಪ್ರಕಾರ ಲಾಭದ ಸಂಸ್ಥೆಗಳಲ್ಲಿ ಮರೆವಿನ ಕಾಯಿಲೆಯವರು ಹೆಚ್ಚು. ಆರೈಕೆಯ ಮಧ್ಯಕ ಅವಧಿ ಅಲ್ಲಿ 20 ದಿನ, ಲಾಭರಹಿತ ಸಂಸ್ಥೆಗಳಲ್ಲಿ 16.

ಕೊನೆಗಾಲದ ಆರೈಕೆಗೆಂದೇ ಇರುವ ಬೆಂಗಳೂರಿನ ಕರುಣಾಶ್ರಯ ಈ ಜಂಜಾಟದಿಂದ ಹೊರಗಿದೆ. 1994ರಲ್ಲಿ ಟ್ರಸ್ಟ್ ಆಯಿತು, 1999ರಲ್ಲಿ ಕಟ್ಟಡ ತೆರೆಯಿತು, ರೋಗಿಗಳಿಂದ ಒಂದು ಪೈಸೆಯೂ ಇಲ್ಲ, ಎಲ್ಲ ದೇಣಿಗೆ. ಆದರೆ ಮದ್ದೂರಿನಿಂದ ಬೆಂಗಳೂರು 80 ಕಿ.ಮೀ. ಹೋಗಿಬರುವ ಬಾಡಿಗೆ ಕಾರಿಗೆ ಕಿ.ಮೀ.ಗೆ 14 ರೂಪಾಯಿಯಂತೆ 2,240. ದೇಣಿಗೆಯ ಮೇಲೆ ಪ್ರತಿ ತಾಲ್ಲೂಕಿಗೂ ಇಂಥದೊಂದು ಏಳುತ್ತದೆ ಎಂದು ನಂಬಿ ಕೂರುವಂತಿಲ್ಲ.

ರಾಜ್ಯಕ್ಕೆ 2016ರಿಂದ ಇಂಥ ಆರೈಕೆಯ, ಅಂದರೆ ಉಪಶಾಮಕ ಆರೈಕೆಯ, ನೀತಿ ಇದೆ. ಭೇಟಿಗಿಷ್ಟು ಎಂದು ಕೊಡುವುದೂ ನಮಗೆ ಹೊಸದಲ್ಲ: ಹಸುಗೂಸಿನ ಮನೆಗೆ 42 ದಿನದಲ್ಲಿ ಆರೇಳು ಸಲ ಹೋಗುವ ಆಶಾ ಕಾರ್ಯಕರ್ತೆಗೆ 250 ರೂಪಾಯಿ ನಿಗದಿಯಾಗಿದೆ. ಅದೇ ಕ್ರಮದಲ್ಲಿ ದಿನಕ್ಕೆ ಐದು ಮನೆ, ವರ್ಷಕ್ಕೆ 250 ದಿನ ಓಡಾಡುವ ತಂಡಗಳು ಜಿಲ್ಲೆಗೆ 23 ಬೇಕು. ಏಳು ತಾಲ್ಲೂಕಿಗೆ ಹಂಚಿದರೆ ಮದ್ದೂರಿಗೆ ಮೂರು, ಮಳವಳ್ಳಿಗೆ ಮೂರು, ಮಂಡ್ಯಕ್ಕೆ ಇನ್ನೊಂದೆರಡು ಹೆಚ್ಚು. ಹೋಗದ ಮನೆಗೂ ಭೇಟಿ ಬರೆದುಕೊಳ್ಳುವವರು ಇದ್ದೇ ಇರುತ್ತಾರೆ. ಹತ್ತು ಭೇಟಿಗೆ ಒಂದರಂತೆ ಮನೆಯವರಿಗೆ ಫೋನ್ ಮಾಡಿ, ನೋವು ಇಳಿಯಿತೇ, ಮಾತ್ರೆ ಎಷ್ಟು ಉಳಿದಿದೆ ಎಂದು ಕೇಳಿದ ಮೇಲೆಯೇ ಬಿಲ್ ಪಾಸ್ ಮಾಡಬೇಕು.